ಪ್ರಾಚೀನ ಮೆಡಿಟರೇನಿಯನ್ ಕಲೆ ಮತ್ತು ಕಟ್ಟಡ: ಯಾವುದು ಯಾವ ಕೆಲಸಕ್ಕೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಈಜಿಪ್ಟ್, ಗ್ರೀಸ್, ರೋಮ್ ಈ ಮೂರು ಕಡೆಯ ಶಿಲ್ಪ, ಚಿತ್ರ, ಕಟ್ಟಡಗಳ ಬಗ್ಗೆ ಹೆಚ್ಚಾಗಿ ಬರುವ ಪ್ರಶ್ನೆಗಳು ಇಲ್ಲಿವೆ. ಪ್ರವಾಸಕ್ಕೆ ಹೊರಟವರಿಗೂ, ಪರೀಕ್ಷೆಗೆ ಓದುವವರಿಗೂ, ಚಿತ್ರ ನೋಡಿ ಕುತೂಹಲ ಹುಟ್ಟಿದವರಿಗೂ ಉಪಯೋಗವಾಗಲೆಂದು ಬರೆದದ್ದು.

ಇವನ್ನೆಲ್ಲ ಮಾಡಿದ್ದು ಅಂದಕ್ಕಾಗಿ ತಾನೆ?

ಅಂದ ಬೇಕೇ ಬೇಕಿತ್ತು. ಆದರೆ ಬರೀ ಅಂದಕ್ಕೆಂದು ಯಾರೂ ಹಣ ಬಿಚ್ಚುತ್ತಿರಲಿಲ್ಲ. ಸತ್ತವರಿಗೆ ಅನ್ನ ಮುಟ್ಟಿಸಲು, ದೇವರಿಗೆ ಹೊತ್ತ ಹರಕೆ ತೀರಿಸಲು, ಗೆದ್ದ ಯುದ್ಧವನ್ನು ಊರಿಗೆಲ್ಲ ಸಾರಲು, ಓಟದಲ್ಲಿ ಗೆದ್ದವನಿಗೆ ಎಣ್ಣೆ ಅಳೆದುಕೊಡಲು, ಹೀಗೆ ಒಂದೊಂದಕ್ಕೂ ಒಂದೊಂದು ಕೆಲಸವಿತ್ತು. ಗ್ರೀಕರ 'ತೆಖ್ನೆ' ಎಂಬ ಮಾತು ಶಿಲ್ಪಿಯ ಕೈಚಳಕಕ್ಕೆ ಎಷ್ಟೋ ಬಡಗಿಯ, ವೈದ್ಯನ ಕೌಶಲಕ್ಕೂ ಅಷ್ಟೇ ಸಲ್ಲುತ್ತಿತ್ತು. ಯಾವ ವಸ್ತುವಿನ ಮುಂದೆ ನಿಂತರೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಇದು ಮೊದಲು ಎಲ್ಲಿತ್ತು, ಯಾರು ನೋಡುತ್ತಿದ್ದರು, ಯಾರು ದುಡ್ಡು ಕೊಟ್ಟರು, ಇದರ ಮುಂದೆ ಜನ ಏನು ಮಾಡುತ್ತಿದ್ದರು? ಶೈಲಿಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಇದರಿಂದ ಹೆಚ್ಚು ತಿಳಿಯುತ್ತದೆ.

ಈಜಿಪ್ಟಿನಲ್ಲಿ ಯಾರ ಕಣ್ಣಿಗೂ ಬೀಳದ ಕಡೆ ಪ್ರತಿಮೆ ಇಡುತ್ತಿದ್ದರಲ್ಲ, ಏಕೆ?

ಆ ಪ್ರತಿಮೆಯನ್ನು ಜನ ನೋಡಬೇಕಿರಲಿಲ್ಲ, ಪ್ರತಿಮೆಯೇ ಹೊರಗೆ ನೋಡಬೇಕಿತ್ತು. ಸಕ್ಕಾರಾದಲ್ಲಿ ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ ಇದೆ, ಸುಮಾರು ಕ್ರಿ.ಪೂ. 2650ರದ್ದು. ಅದರ ಉತ್ತರ ಬದಿಗೆ ಬಾಗಿಲೇ ಇಲ್ಲದ ಚಿಕ್ಕ ಕಲ್ಲುಕೋಣೆಯೊಂದಿದೆ. 'ಸೆರ್ದಾಬ್' ಎನ್ನುತ್ತಾರೆ. ಮುಂಗೋಡೆಯಲ್ಲಿ ಎರಡು ದುಂಡು ತೂತುಗಳು, ಒಳಗೆ ಕೂತ ದೊರೆಯ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ಕೋಣೆ ತುಸು ಹಿಂದಕ್ಕೆ ವಾಲಿದೆ. ಹಾಗಾಗಿ ನೋಟ ಉತ್ತರ ದಿಕ್ಕಿನ ಎಂದೂ ಮುಳುಗದ ನಕ್ಷತ್ರಗಳ ಕಡೆಗಿದೆ. ಈಗ ಅಲ್ಲಿ ಕೂತಿರುವುದು ನಕಲು, ಮೂಲ ಪ್ರತಿಮೆ ಕೈರೋದಲ್ಲಿದೆ.

ಮನುಷ್ಯ ಸತ್ತರೂ ಅವನ 'ಕಾ', ಅಂದರೆ ಜೀವಶಕ್ತಿ, ಉಳಿಯುತ್ತದೆ, ಅದಕ್ಕೆ ಅನ್ನ-ನೀರು ಬೇಕು, ನೆಲೆಸಲು ಒಂದು ಮೈ ಬೇಕು ಎಂಬುದು ಅವರ ನಂಬಿಕೆ. ಹೆಣ ಕೆಟ್ಟರೆ ಪ್ರತಿಮೆಯೇ ಮೈ. ಕೆತ್ತಿ ಮುಗಿದ ಮೇಲೆ ಪೂಜಾರಿ ಬಡಗಿಯ ಬಾಚಿಯನ್ನೇ ಹೋಲುವ ಉಪಕರಣವನ್ನು ಪ್ರತಿಮೆಯ ಬಾಯಿಗೆ ಮುಟ್ಟಿಸುತ್ತಿದ್ದ. ಇದೇ 'ಬಾಯಿ ತೆರೆಸುವ' ವಿಧಿ. ಆಮೇಲೆ ಕಲ್ಲು ಉಸಿರಾಡಬಲ್ಲದು, ಉಣ್ಣಬಲ್ಲದು. ನಮ್ಮ ಪ್ರಾಣಪ್ರತಿಷ್ಠೆ ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕೆತ್ತಿದ ಹೆಸರೂ ಅಷ್ಟೇ ಮುಖ್ಯ. ಹಳೆಯ ಹೆಸರು ಅಳಿಸಿ ತನ್ನದನ್ನು ಕೆತ್ತಿಸಿದರೆ ಪ್ರತಿಮೆಯೇ ತನ್ನದಾಗುತ್ತಿತ್ತು, ಮುಖ ಹೋಲದಿದ್ದರೂ ಚಿಂತೆಯಿರಲಿಲ್ಲ.

ಅಷ್ಟೊಂದು ಪ್ರತಿಮೆಗಳ ಮೂಗು ಮುರಿದಿರುವುದೇಕೆ?

ಕೆಲವು ಬಿದ್ದು ಮುರಿದವು. ಮುಂದಕ್ಕೆ ಚಾಚಿದ್ದೇ ಮೊದಲು ಮುರಿಯುತ್ತದೆ. ಆದರೆ ಬೇಕೆಂದೇ ಒಡೆದದ್ದೂ ಬೇಕಾದಷ್ಟಿದೆ. ಮೂಗು ಹೋದರೆ ಉಸಿರಿಲ್ಲ, ಕೈ ಹೋದರೆ ನೈವೇದ್ಯ ತೆಗೆದುಕೊಳ್ಳಲಾಗದು. ಗೋರಿ ದೋಚುವವರಿಗೆ ಒಳಗಿನವನ ಸೇಡಿನ ಭಯ, ಎದುರಾಳಿ ದೊರೆಗಳಿಗೆ ಹಳಬನ ಬಲದ ಭಯ, ಮುಂದೆ ಬಂದ ಕ್ರೈಸ್ತರಿಗೆ ಹಳೆಯ ದೇವರ ಭಯ. ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ: ಗೋಡೆಯ ಮೇಲಿನ ತೆಳು ಉಬ್ಬುಶಿಲ್ಪದ ಮೂಗು ಬಿದ್ದು ಮುರಿಯಲು ಸಾಧ್ಯವೇ ಇಲ್ಲ. ಸುತ್ತಲೆಲ್ಲ ನೆಟ್ಟಗಿದ್ದು ಮೂಗು, ಕೈಯಷ್ಟೇ ಹೋಗಿದ್ದರೆ, ಉಳಿಯ ಗುರುತು ಕಂಡರೆ, ಅದು ಕೈಯಾರೆ ಮಾಡಿದ್ದು.

ಈಜಿಪ್ಟಿನ ಚಿತ್ರಗಳಲ್ಲಿ ಮುಖ ಪಕ್ಕಕ್ಕೆ, ಭುಜ ಎದುರಿಗೆ. ಅವರಿಗೆ ಸರಿಯಾಗಿ ಬರೆಯಲು ಬರುತ್ತಿರಲಿಲ್ಲವೇ?

ಚೆನ್ನಾಗಿಯೇ ಬರುತ್ತಿತ್ತು. ಹಕ್ಕಿ, ಮೀನುಗಳನ್ನು ಜಾತಿ ಗುರುತಿಸುವಷ್ಟು ನಿಖರವಾಗಿ ಬರೆದವರು ಅವರು. ಮನುಷ್ಯನ ಮೈಯ ಒಂದೊಂದು ಭಾಗವನ್ನೂ ಅದು ಅತಿ ಸ್ಪಷ್ಟವಾಗಿ ಕಾಣುವ ಕಡೆಯಿಂದ ತೋರಿಸಬೇಕಿತ್ತು: ಮೂಗು ಪಕ್ಕದಿಂದ, ಕಣ್ಣು ಎದುರಿನಿಂದ, ಭುಜ ಎದುರಿನಿಂದ, ಪಾದ ಪಕ್ಕದಿಂದ. ಚಿತ್ರದಲ್ಲಿ ಬಿಟ್ಟುಹೋದ ಕೈ ಪರಲೋಕದಲ್ಲೂ ಇರುವುದಿಲ್ಲ ಎಂಬ ಲೆಕ್ಕ.

ಮುಗಿಯದೆ ಉಳಿದ ಗೋರಿಗಳಲ್ಲಿ ಕೆಂಪು ಗೆರೆಯ ಚೌಕಳಿಗಳು ಇಂದಿಗೂ ಕಾಣುತ್ತವೆ. ಬಣ್ಣದಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಹಿಡಿದು ಚಿಮ್ಮಿದರೆ ನೇರ ಗೆರೆ ಬೀಳುತ್ತದೆ. ನಮ್ಮ ಬಡಗಿಗಳು, ಗಾರೆಯವರು ಈಗಲೂ ಮಾಡುವುದು ಇದನ್ನೇ. ನಿಂತ ಆಕೃತಿ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ, ಕೂತದ್ದು 14. ಹತ್ತು ಜನ ಕೆಲಸ ಹಂಚಿಕೊಂಡರೂ ಅಳತೆ ತಪ್ಪುತ್ತಿರಲಿಲ್ಲ.

ಪಿರಮಿಡ್ಡಿನ ಆಕಾರಕ್ಕೆ ಏನರ್ಥ?

ಜೋಸರನದು ಆರು ಮೆಟ್ಟಿಲು, ದೊರೆ ಆಕಾಶಕ್ಕೇರುವ ಏಣಿ. ನುಣುಪು ಬದಿಯ ಪಿರಮಿಡ್ ಇಳಿದುಬರುವ ಸೂರ್ಯನ ಕಿರಣಗಳ ರೂಪ. ಈ ಆಕಾರ ಒಮ್ಮೆಗೇ ಸಿದ್ಧಿಸಲಿಲ್ಲ. ದಹ್ಶೂರಿನಲ್ಲಿ ಸ್ನೆಫೆರು ದೊರೆಯ ಪಿರಮಿಡ್ ಶುರುವಾದದ್ದು ಸುಮಾರು 54 ಡಿಗ್ರಿ ಓರೆಯಲ್ಲಿ. ಕೆಳಗಿನ ನೆಲ ಗಟ್ಟಿ ಬಂಡೆಯಲ್ಲ. ಭಾರಕ್ಕೆ ಕುಸಿದು ಒಳಕೋಣೆಗಳಲ್ಲಿ ಬಿರುಕು ಬಿಟ್ಟಿತು. ಅರ್ಧಕ್ಕೆ ಓರೆಯನ್ನು ಸುಮಾರು 43 ಡಿಗ್ರಿಗೆ ಇಳಿಸಿ ಭಾರ ತಗ್ಗಿಸಿದರು, ಹಾಗಾಗಿ ಅದಕ್ಕೆ 'ಬಾಗಿದ ಪಿರಮಿಡ್' ಎಂಬ ಹೆಸರು. ಪಕ್ಕದಲ್ಲೇ ಕಟ್ಟಿದ ಮುಂದಿನದನ್ನು ಬುಡದಿಂದಲೇ 43 ಡಿಗ್ರಿಗೆ ಇಟ್ಟರು. ಅವನ ಮಗ ಖುಫುವಿನ ಕಾಲಕ್ಕೆ ಗೀಜಾದಲ್ಲಿ ಗಟ್ಟಿ ಬಂಡೆಯ ಮೇಲೆ 146 ಮೀಟರ್ ಏರಿಸುವ ಧೈರ್ಯ ಬಂದಿತ್ತು.

ಗ್ರೀಕ್ ದೇಗುಲವೂ ನಮ್ಮ ದೇವಸ್ಥಾನದ ಹಾಗೆಯೇ?

ಅಲ್ಲ, ಇಲ್ಲಿಯೇ ಹೆಚ್ಚಿನವರು ಎಡವುವುದು. ಭಕ್ತರು ಒಳಗೆ ಸೇರಿ ಪೂಜೆ ಮಾಡುವ ಜಾಗವಲ್ಲ ಅದು. ಬಲಿಪೀಠ ಹೊರಗೆ, ಸಾಮಾನ್ಯವಾಗಿ ಪೂರ್ವದ ಬಾಗಿಲೆದುರು, ಬಯಲಲ್ಲಿ ಇರುತ್ತಿತ್ತು. ದನ, ಕುರಿ ಕೊಯ್ದು ತೊಡೆಯ ಎಲುಬು-ಕೊಬ್ಬನ್ನು ದೇವರಿಗೆ ಸುಟ್ಟು, ಮಾಂಸವನ್ನು ಜನ ಹಂಚಿಕೊಂಡು ಉಣ್ಣುತ್ತಿದ್ದರು. ಕಟ್ಟಡ ದೇವರ ಮನೆ, ಜೊತೆಗೆ ಉಗ್ರಾಣ: ಮೂರ್ತಿ, ಕಾಣಿಕೆ, ಬೆಳ್ಳಿ-ಬಂಗಾರ ಎಲ್ಲ ಒಳಗೆ. ಅದಕ್ಕೇ ಶಿಲ್ಪವೆಲ್ಲ ಹೊರಮೈಯಲ್ಲಿದೆ.

ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದ ಮೇಲಿನ ಪಾರ್ಥೆನಾನ್ ದೇಗುಲ (ಕ್ರಿ.ಪೂ. 447–432) ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಿ.ಪೂ. 454ರಲ್ಲಿ ಡೆಲೋಸ್ ದ್ವೀಪದಲ್ಲಿದ್ದ, ಅಥೆನ್ಸ್ ಮುಂದಾಳತ್ವದ ಗ್ರೀಕ್ ಊರುಗಳ ಮಿತ್ರಕೂಟದ ಖಜಾನೆ ಅಥೆನ್ಸಿಗೆ ಬಂತು, ಕೆಲವೇ ವರ್ಷಗಳಲ್ಲಿ ಕಟ್ಟಡ ಎದ್ದಿತು. ಒಳಗೆ ಫಿಡಿಯಾಸ್ ಮಾಡಿದ, ಸುಮಾರು 12 ಮೀಟರ್ ಎತ್ತರದ, ದಂತ-ಬಂಗಾರದ ಊರದೇವಿ ಅಥೀನಾ ಇದ್ದಳು. ಅವಳ ಮೇಲಿನ ಬಂಗಾರದ ತೂಕ 40 ಟ್ಯಾಲೆಂಟ್, ಅಂದರೆ 1,000 ಕಿಲೋಗೂ ಮಿಕ್ಕಿ. ಎಲ್ಲವೂ ಬಿಚ್ಚಬಹುದಾದ ತಗಡು. ಯುದ್ಧಕ್ಕೆ ಬೇಕಾದರೆ ತೆಗೆದು ಬಳಸಬಹುದು, ಆಮೇಲೆ ಅಷ್ಟನ್ನೂ ಹಿಂದಿರುಗಿಸಬೇಕು ಎಂದು ಅಥೆನ್ಸಿನ ನಾಯಕ ಪೆರಿಕ್ಲೀಸ್ ಹೇಳಿದ್ದನ್ನು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸಿದ್ದಾನೆ. ಹಬ್ಬದಲ್ಲಿ ಹೊಸ ವಸ್ತ್ರ ಉಡಿಸುತ್ತಿದ್ದದ್ದು ಈ ದೊಡ್ಡ ಮೂರ್ತಿಗಲ್ಲ, ಬೆಟ್ಟದ ಮೇಲೆಯೇ ಬೇರೆ ಕಡೆಯಿದ್ದ ಆಲಿವ್ ಮರದ ಹಳೆಯ ಅಥೀನಾಗೆ. ಹಾಗಾಗಿ ಪಾರ್ಥೆನಾನನ್ನು ಪೂಜೆಯ ಗುಡಿ ಎನ್ನುವುದಕ್ಕಿಂತ ಇಡೀ ಊರು ಒಪ್ಪಿಸಿದ ಹರಕೆ, ಜೊತೆಗೆ ಊರಿನ ಖಜಾನೆ ಎಂದರೆ ಸತ್ಯಕ್ಕೆ ಹತ್ತಿರ.

ತ್ರಿಕೋನ ಮುಖಭಾಗದ ಶಿಲ್ಪಗಳ ಬೆನ್ನನ್ನು ಬ್ರಿಟಿಷ್ ಮ್ಯೂಸಿಯಂನಲ್ಲಿ ಹಿಂದಿನಿಂದ ಹೋಗಿ ನೋಡಿ. ಮೇಲೆ ಏರಿಸಿದ ಮೇಲೆ ಯಾರೂ ಕಾಣಲಾಗದ ಭಾಗ. ಆದರೂ ಬಟ್ಟೆಯ ನೆರಿಗೆಗಳನ್ನು ಬಿಡದೆ ಕೆತ್ತಿದ್ದಾರೆ. ದೇವಿಗೆ ಒಪ್ಪಿಸುವ ವಸ್ತುವಿನಲ್ಲಿ ಹಿಂದು-ಮುಂದು ಎಂಬ ಭೇದವಿರಲಿಲ್ಲ.

ಪಾರ್ಥೆನಾನಿನಲ್ಲಿ ಒಂದೂ ನೇರ ಗೆರೆ ಇಲ್ಲ ಎನ್ನುತ್ತಾರೆ, ನಿಜವೇ?

ಬಹುಮಟ್ಟಿಗೆ ನಿಜ. ಕಂಬಗಳು ನಿಂತ ಜಗಲಿ ನಡುವೆ ಉಬ್ಬಿದೆ: ಉದ್ದದ ಬದಿಯಲ್ಲಿ ಸುಮಾರು 11 ಸೆಂ.ಮೀ., ಅಗಲದ ಬದಿಯಲ್ಲಿ 6 ಸೆಂ.ಮೀ. ಕಂಬಗಳು ಒಳಕ್ಕೆ ತುಸು ವಾಲಿವೆ, ಮೂಲೆಯವು ಉಳಿದವಕ್ಕಿಂತ ಸುಮಾರು 4 ಸೆಂ.ಮೀ. ದಪ್ಪ. ಮಟ್ಟಸವಾಗಿ ಕಟ್ಟಿದರೆ ಉದ್ದನೆಯ ಜಗಲಿ ನಡುವೆ ತಗ್ಗಿದಂತೆ ಕಾಣುತ್ತದೆ, ಅದನ್ನು ಸರಿಪಡಿಸಲು ಉಬ್ಬಿಸಬೇಕು ಎಂದು ರೋಮನ್ ವಾಸ್ತುತಜ್ಞ ವಿಟ್ರುವಿಯಸ್ ಕಾರಣ ಕೊಡುತ್ತಾನೆ. ಮಳೆನೀರು ಹರಿದುಹೋಗುವ ಲಾಭವೂ ಇದೆ.

ಜೋಡಣೆಯ ನಾಜೂಕು ಇದಕ್ಕಿಂತ ದೊಡ್ಡದು. 10.4 ಮೀಟರ್ ಎತ್ತರದ ಒಂದೊಂದು ಕಂಬವೂ ಹತ್ತು-ಹನ್ನೆರಡು ಗಾಲಿಗಲ್ಲುಗಳ ಪೇರಿಕೆ, ನಡುವೆ ಗಾರೆಯೇ ಇಲ್ಲ. ಗಾಲಿಗಲ್ಲುಗಳ ಕೇಂದ್ರದಲ್ಲಿ ಮರದ ಬಿರಡೆ, ಅದರಲ್ಲಿ ಮರದ ಗೂಟ. ಕಲ್ಲುಗಳು ಎಷ್ಟು ಬಿಗಿಯಾಗಿ ಕೂತಿದ್ದವೆಂದರೆ ಗಾಳಿಯಾಡದೆ ಉಳಿದ ಮರ ಎರಡೂವರೆ ಸಾವಿರ ವರ್ಷದ ನಂತರವೂ ಸಿಕ್ಕಿದೆ. ಅಡ್ಡಕಲ್ಲುಗಳನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು, ಸುತ್ತ ಕರಗಿಸಿದ ಸೀಸ ಹೊಯ್ಯುತ್ತಿದ್ದರು. ಸೀಸ ನೀರನ್ನು ತಡೆಯುತ್ತದೆ, ಭೂಕಂಪದಲ್ಲಿ ಕಲ್ಲು ಅಲುಗಿದರೆ ಮೆತ್ತೆಯಂತೆ ಒತ್ತಡ ತಾಳುತ್ತದೆ.

20ನೇ ಶತಮಾನದ ಆರಂಭದ ದುರಸ್ತಿಯಲ್ಲಿ ಕಬ್ಬಿಣ ಹಾಕಿದರು, ಸೀಸ ಬಿಟ್ಟರು. ನೀರು ಸೇರಿತು, ಕಬ್ಬಿಣ ತುಕ್ಕು ಹಿಡಿಯಿತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಅಮೃತಶಿಲೆ ಒಳಗಿನಿಂದ ಸೀಳಿತು. 1975ರಲ್ಲಿ ಶುರುವಾದ ಈಗಿನ ಜೀರ್ಣೋದ್ಧಾರದಲ್ಲಿ ಆ ಕೊಂಡಿಗಳನ್ನೆಲ್ಲ ಕಿತ್ತು ತುಕ್ಕು ಹಿಡಿಯದ ಟೈಟೇನಿಯಂ ಹಾಕುತ್ತಿದ್ದಾರೆ. ಹಳೆಯ ಕಟ್ಟಡ ದುರಸ್ತಿ ಮಾಡುವ ಎಲ್ಲರೂ ಕಲಿಯಬೇಕಾದ ಪಾಠವಿದು.

ಗ್ರೀಕ್ ಪ್ರತಿಮೆಗಳು ಬಿಳಿಯವೇ ತಾನೆ?

ಬಣ್ಣದವು. ತುಟಿ, ಕಣ್ಣು, ಕೂದಲು, ಬಟ್ಟೆಯಂಚು ಎಲ್ಲಕ್ಕೂ ಬಣ್ಣವಿತ್ತು. ಮಣ್ಣಿನಲ್ಲಿ ಹೂತು, ಮಳೆಗೆ ತೊಳೆದು, ಆಮೇಲೆ ಸಂಗ್ರಾಹಕರ ಉಜ್ಜಾಟಕ್ಕೆ ಸಿಕ್ಕು ಬಿಳಿಯಾದವು. ಮರಳು, ಸುಣ್ಣದ ಅಂಶ, ತಾಮ್ರ, ಕ್ಷಾರ ಸೇರಿಸಿ ಕಾಸಿ ಮಾಡುತ್ತಿದ್ದ 'ಈಜಿಪ್ಟ್ ನೀಲಿ'ಯ ಒಂದು ಕಣ ಉಳಿದಿದ್ದರೂ ಸಾಕು: ಕೆಂಪು ಬೆಳಕು ಹಾಯಿಸಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದರೆ ಅದು ಬೆಳ್ಳಗೆ ಹೊಳೆಯುತ್ತದೆ. ಬಣ್ಣ ಹಚ್ಚಿದ ಮಾದರಿಗಳನ್ನು ಮ್ಯೂಸಿಯಂನಲ್ಲಿ ಕಂಡು ಕೆಲವರು ಮುಖ ಸಿಂಡರಿಸುತ್ತಾರೆ. ಊರ ತೇರಿನ ಬಣ್ಣದ ಗೊಂಬೆಗಳನ್ನು ನೋಡಿ ಬೆಳೆದವರಿಗೆ ಅದು ಒಗ್ಗದಿರಲು ಕಾರಣವಿಲ್ಲ.

ಅಮೃತಶಿಲೆಯ ವೀರರ ಕಾಲಿಗೆ ಮರದ ಬೊಡ್ಡೆ ಏಕೆ ಅಂಟಿರುತ್ತದೆ?

ಅದು ಕಂಚಿನ ಮೂಲದ ಕಲ್ಲಿನ ನಕಲು ಎನ್ನುವುದರ ಗುರುತು. ಮೇಣದ ಅಚ್ಚಿನಲ್ಲಿ ಎರಕ ಹೊಯ್ದ ಕಂಚಿನ ಪ್ರತಿಮೆ ಒಳಗೆ ಟೊಳ್ಳು, ಹಗುರ. ಎರಡು ಕಾಲಿನ ಮೇಲೆ, ಕೈ ಚಾಚಿ ಆರಾಮಾಗಿ ನಿಲ್ಲುತ್ತದೆ. ಅದೇ ಭಂಗಿಯನ್ನು ಕಲ್ಲಿನಲ್ಲಿ ಕೆತ್ತಿದರೆ ಇಡೀ ಭಾರ ಕಣಕಾಲಿಗೆ ಬಿದ್ದು ಮುರಿಯುತ್ತದೆ. ಕಲ್ಲು ಒತ್ತಡ ತಾಳುತ್ತದೆ, ಎಳೆತ ತಾಳದು. ಹಾಗಾಗಿ ರೋಮನ್ ಕಾಲದ ಶಿಲ್ಪಿಗಳು ಬೊಡ್ಡೆ ಸೇರಿಸಿದರು, ತೊಡೆಯಿಂದ ಮಣಿಕಟ್ಟಿಗೆ ಕಲ್ಲಿನ ಅಡ್ಡಪಟ್ಟಿ ಬಿಟ್ಟರು. ಕಂಚಿನ ಮೂಲಗಳು ಬಹುಪಾಲು ಕರಗಿಹೋಗಿವೆ, ಕಂಚಿಗೆ ಯಾವ ಕಾಲದಲ್ಲೂ ಬೆಲೆ. ಉಳಿದವು ಹೆಚ್ಚಾಗಿ ಸಮುದ್ರದ ತಳದಲ್ಲಿದ್ದವು: 1972ರಲ್ಲಿ ಇಟಲಿಯ ರಿಯಾಚೆ ಬಳಿ ಸಿಕ್ಕ ಇಬ್ಬರು ಯೋಧರ ತುಟಿ ತಾಮ್ರದ್ದು, ಒಬ್ಬನ ಹಲ್ಲು ಬೆಳ್ಳಿಯದು.

ಮಣ್ಣಿನ ಕಾಲು, ಕಿವಿ, ಕೈಗಳ ರಾಶಿ ಮ್ಯೂಸಿಯಂನಲ್ಲಿ ಏಕಿದೆ?

ಹರಕೆ. ಗ್ರೀಸಿನ ಕೊರಿಂಥದಲ್ಲಿ, ರೋಗ ವಾಸಿಮಾಡುವ ದೇವರಾದ ಅಸ್ಕ್ಲೀಪಿಯಸ್‌ನ ಕ್ಷೇತ್ರದಲ್ಲಿ ಯಾವ ಅಂಗಕ್ಕೆ ಬಾಧೆಯೋ ಆ ಅಂಗದ ಮಣ್ಣಿನ ರೂಪವನ್ನು ದೇವರಿಗೆ ಒಪ್ಪಿಸುತ್ತಿದ್ದರು. ಬೆಳ್ಳಿಯ ಕಣ್ಣು, ಕಾಲು ಹುಂಡಿಗೆ ಹಾಕುವವರು ನಮ್ಮಲ್ಲೂ ಇದ್ದಾರಷ್ಟೆ. ಜಾಗ ತುಂಬಿದಾಗ ಹೊರಗೆ ಎಸೆಯುವಂತಿಲ್ಲ, ದೇವರ ಸ್ವತ್ತು. ಕ್ಷೇತ್ರದ ಒಳಗೇ ಗುಂಡಿ ತೋಡಿ ಹೂಳುತ್ತಿದ್ದರು. ಅದರಿಂದಲೇ ರಾಶಿರಾಶಿಯಾಗಿ ಸಿಗುತ್ತವೆ.

ಗ್ರೀಕ್ ಮಡಕೆಗಳ ಕಪ್ಪು-ಕೆಂಪು ಹೇಗೆ ಬರುತ್ತಿತ್ತು? ಅವು ಅಲಂಕಾರಕ್ಕೋ?

ಬಳಕೆಗೆ. ಕ್ರೇಟರ್ ಎಂದರೆ ದ್ರಾಕ್ಷಾರಸಕ್ಕೆ ನೀರು ಬೆರೆಸುವ ದೊಡ್ಡ ಪಾತ್ರೆ; ನೀರು ಬೆರೆಸದೆ ಕುಡಿಯುವುದು ಅನಾಗರಿಕರ ರೀತಿ ಎಂದು ಗ್ರೀಕರು ಎಣಿಸುತ್ತಿದ್ದರು. ಅಥೆನ್ಸಿನ ಪಂದ್ಯಗಳಲ್ಲಿ ಗೆದ್ದವನಿಗೆ ಸುಮಾರು 36–39 ಲೀಟರ್ ಆಲಿವ್ ಎಣ್ಣೆ ಹಿಡಿಯುವ ಹರವಿಗಳು, ಒಂದು ಬದಿಗೆ ಅಥೀನಾ, ಇನ್ನೊಂದು ಬದಿಗೆ ಅವನು ಗೆದ್ದ ಪಂದ್ಯದ ಚಿತ್ರ.

ಬಣ್ಣ ಬರುತ್ತಿದ್ದದ್ದು ಬೆಂಕಿಯಿಂದ. ಅದೇ ಜೇಡಿಮಣ್ಣನ್ನು ನೀರಲ್ಲಿ ಕದಡಿ, ಅತಿ ನಯವಾದ ಗಸಿಯನ್ನು ಮಾತ್ರ ಬಸಿದು ಅದರಿಂದ ಚಿತ್ರ ಬರೆಯುತ್ತಿದ್ದರು. ಆಮೇಲೆ ಒಂದೇ ಆವಿಗೆಯಲ್ಲಿ ಮೂರು ಹಂತ. ಮೊದಲು ಗಾಳಿ ಬಿಟ್ಟು ಸುಮಾರು 800 ಡಿಗ್ರಿಗೆ ಕಾಸಿದರೆ ಎಲ್ಲ ಕೆಂಪು. ಆಮೇಲೆ ಹಸಿಕಟ್ಟಿಗೆ ತುರುಕಿ ಗಾಳಿಕಂಡಿ ಮುಚ್ಚಿ 900 ಡಿಗ್ರಿ ದಾಟಿಸಿದರೆ ಎಲ್ಲ ಕಪ್ಪು. ನಯವಾದ ಗಸಿ ಮಾತ್ರ ಗಾಜಿನಂತೆ ಬಿಗಿದುಕೊಳ್ಳುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟರೆ ಮಡಕೆಯ ಮೈ ಉಸಿರಾಡಿ ಕೆಂಪಾಗುತ್ತದೆ, ಬಿಗಿದ ಗಸಿಯೊಳಗೆ ಗಾಳಿ ಹೋಗದೆ ಕಪ್ಪು ಉಳಿಯುತ್ತದೆ. ಎರಡನೇ ಹಂತದಲ್ಲಿ ಶಾಖ ಸಾಲದಿದ್ದರೆ ಚಿತ್ರವೂ ಕೆಂಪಾಗಿ ಮಾಸುತ್ತದೆ. ಮಿತಿಮೀರಿದರೆ ಮೈಯೂ ಬಿಗಿದು ಬೂದಾಗಿ ಉಳಿಯುತ್ತದೆ. ಆವಿಗೆಯಲ್ಲಿ ಒಂದಕ್ಕೊಂದು ಒತ್ತಿಕೊಂಡ ಮಡಕೆಗಳಲ್ಲಿ ದುಂಡನೆಯ ಕಲೆ ಬೀಳುತ್ತಿತ್ತು, ಅಂಥವು ಇಂದಿಗೂ ಗಾಜಿನ ಕಪಾಟುಗಳಲ್ಲಿ ಕಾಣಸಿಗುತ್ತವೆ.

ಗೋರಿಗೆ ಎಣ್ಣೆ ಒಯ್ಯುವ ಬಿಳಿಮೈಯ ಲೆಕಿಥಾಸ್ ಎಂಬ ಸಣ್ಣ ಹೂಜಿಯನ್ನು ಮಾತ್ರ ಹೇಳದೆ ಬಿಡಲಾಗದು. ಕೆಲವದರ ಕತ್ತಿನ ಕೆಳಗೆ ಒಳಗೇ ಒಂದು ಪುಟ್ಟ ಬಟ್ಟಲು ಅಂಟಿಸಿದೆ. ಹೊರಗಿನಿಂದ ಹೂಜಿ ತುಂಬ ಎಣ್ಣೆ ಇದ್ದಂತೆ ಕಾಣುತ್ತದೆ, ಹಿಡಿಯುವುದು ಆ ಬಟ್ಟಲಷ್ಟೇ. ಎಣ್ಣೆ ದುಬಾರಿ, ಆದರೂ ಸತ್ತವರಿಗೆ ಕಡಿಮೆ ಮಾಡಿದಂತೆ ತೋರಬಾರದು. ಬಡ ಮನೆಯೊಂದರ ದುಃಖವೂ ಮರ್ಯಾದೆಯೂ ಆ ಗುಟ್ಟಿನ ಬಟ್ಟಲಲ್ಲಿದೆ.

ರೋಮನ್ನರ ಕಾಂಕ್ರೀಟ್ ಇಷ್ಟು ಬಾಳಿಕೆ ಬಂದದ್ದು ಹೇಗೆ?

ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿದ್ದರಿಂದ. ಬೂದಿಯಲ್ಲಿನ ಸಿಲಿಕಾ ಸುಣ್ಣದೊಡನೆ ಕೂಡಿ ನೀರಿನೊಳಗೂ ಗಟ್ಟಿಯಾಗುತ್ತದೆ. ವಿಟ್ರುವಿಯಸ್ ಕೊಡುವ ಪ್ರಮಾಣ: ಗಣಿಮರಳಾದರೆ ಮೂರಕ್ಕೆ ಒಂದು ಸುಣ್ಣ, ಹೊಳೆಮರಳಾದರೆ ಎರಡಕ್ಕೆ ಒಂದು, ಸಮುದ್ರದ ಕೆಲಸಕ್ಕೆ ಬೂದಿ ಎರಡಕ್ಕೆ ಒಂದು. ಹೊಳೆಮರಳಿಗೆ ಮೂರನೇ ಒಂದು ಭಾಗ ಇಟ್ಟಿಗೆಪುಡಿ ಸೇರಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತಾನೆ. ಇದು ನಮ್ಮ ಸುರ್ಕಿ ಗಾರೆಯೇ, ಕನ್ನಂಬಾಡಿ ಕಟ್ಟೆ ನಿಂತಿರುವುದು ಇದೇ ರಾಸಾಯನಿಕ ಗುಣದ ಮೇಲೆ. ಗಿಲಾವಿನ ಸುಣ್ಣ ಹದವಾಯಿತೇ ಎಂದು ನೋಡಲು ಗುಂಡಿಯ ಸುಣ್ಣಕ್ಕೆ ಬಾಚಿ ಹಾಕಿ ಕೊಚ್ಚಬೇಕು: ಗಂಟು ತಗುಲಿದರೆ ಇನ್ನೂ ಕಳಿತಿಲ್ಲ, ಕಬ್ಬಿಣ ಒಣಗಿ ಚೊಕ್ಕವಾಗಿ ಬಂದರೆ ಸುಣ್ಣ ಸತ್ವಹೀನ, ಅಂಟಿನಂತೆ ಮೆತ್ತಿಕೊಂಡರೆ ಹದ.

ರೋಮಿನ ಪಾಂಥಿಯಾನ್ ದೇಗುಲದ (ಸುಮಾರು ಕ್ರಿ.ಶ. 125) ಗುಮ್ಮಟದ ವ್ಯಾಸ 43.3 ಮೀಟರ್, ನೆಲದಿಂದ ನೆತ್ತಿಗೆ ಎತ್ತರವೂ ಅಷ್ಟೇ. ಒಳಗೊಂದು ಪೂರ್ತಿ ಚೆಂಡು ಕೂರುತ್ತದೆ. ಕಬ್ಬಿಣದ ಸರಳು ಒಂದೂ ಇಲ್ಲ. ಬುಡದಲ್ಲಿ ಸುಮಾರು 6 ಮೀಟರ್ ದಪ್ಪ, ನೆತ್ತಿಯಲ್ಲಿ 1.2. ಜಲ್ಲಿಯೂ ಹಾಗೆಯೇ: ಕೆಳಗೆ ಭಾರದ ಕಲ್ಲು, ಮೇಲೆ ನೀರಲ್ಲಿ ತೇಲುವಷ್ಟು ಹಗುರವಾದ ಪ್ಯೂಮಿಸ್. ಸುಮಾರು 9 ಮೀಟರ್ ಅಗಲದ ನೆತ್ತಿಗಂಡಿ ಭಾರ ಕಡಿಮೆ ಮಾಡುತ್ತದೆ, ಒಳಗೆ ಬಿಸಿಲಿನ ಬಿಲ್ಲೆಯನ್ನು ಗೋಡೆಯಿಂದ ಗೋಡೆಗೆ ನಡೆಸುತ್ತದೆ. ಮಳೆ ಬಂದರೆ ಒಳಗೂ ಬೀಳುತ್ತದೆ. ನೆಲ ನಡುವೆ ಉಬ್ಬಿದ್ದು ಸಣ್ಣ ತೂತುಗಳಿಂದ ನೀರು ಇಳಿದುಹೋಗುತ್ತದೆ.

ಇಟಲಿಯ ಪೊಂಪೇ ಎಂಬ ಹಳೆಯ ರೋಮನ್ ಊರಿನ ಗೋಡೆಗಳ ಕೆಂಪು ಕೆಲವು ಕಡೆ ಕಪ್ಪಾಗಿದೆ, ಏಕೆ?

ಪಾದರಸದ ಅದಿರಾದ ಇಂಗಲೀಕದ ಕೆಂಪು ಬಿಸಿಲಿಗೆ ಕಪ್ಪಾಗುತ್ತದೆ. ಆ ಕಾಲಕ್ಕೇ ಗೊತ್ತಿದ್ದ ತೊಂದರೆ. ಫೇಬೀರಿಯಸ್ ಎಂಬ ಗುಮಾಸ್ತ ತನ್ನ ಮನೆಯ ತೆರೆದ ಅಂಗಳಕ್ಕೆ ಈ ಬಣ್ಣ ಬಳಿಸಿ, ಮೂವತ್ತೇ ದಿನದಲ್ಲಿ ಗೋಡೆ ಕೆಟ್ಟು, ಬೇರೆ ಬಣ್ಣ ಹೊಡೆಸಬೇಕಾಯಿತು ಎಂದು ವಿಟ್ರುವಿಯಸ್ ಬರೆಯುತ್ತಾನೆ. ಪರಿಹಾರವನ್ನೂ ಹೇಳುತ್ತಾನೆ: ಗೋಡೆ ಒಣಗಿದ ಮೇಲೆ ಕರಗಿಸಿದ ಮೇಣಕ್ಕೆ ತುಸು ಎಣ್ಣೆ ಸೇರಿಸಿ ಬಳಿ, ಕೆಂಡದ ಪಾತ್ರೆ ಹಿಡಿದು ಮೇಣ ಬೆವರುವಂತೆ ಕಾಸು, ಶುಭ್ರ ಬಟ್ಟೆಯಿಂದ ಉಜ್ಜು. ಇಂಗಲೀಕ ಬಲು ದುಬಾರಿಯಾದ್ದರಿಂದ ಅಂಥ ಗೋಡೆ ಮನೆಯೊಡೆಯನ ಸಿರಿಯನ್ನು ಸಾರುತ್ತಿತ್ತು. ಹಾಗಾಗಿ ಅದನ್ನು ಬಂದವರು ಕೂರುವ ಕೋಣೆಗೇ ಮೀಸಲಿಡುತ್ತಿದ್ದರು.

ರೋಮನ್ ಮುಖಗಳಲ್ಲಿ ಅಷ್ಟು ಸುಕ್ಕೇಕೆ? ಕೆಲವು ಮುಖ ಕೆರೆದಿರುವುದೇಕೆ?

ಗಣ್ಯರ ಮನೆಯ ಮುಂದಿನ ಅಂಗಳದಲ್ಲಿ ಹಿರೀಕರ ಮೇಣದ ಮುಖವಾಡಗಳಿರುತ್ತಿದ್ದವು. ಮನೆಯಲ್ಲಿ ಸಾವಾದರೆ ಹೋಲುವ ಮೈಕಟ್ಟಿನವರು ಅವನ್ನು ತೊಟ್ಟು ಮೆರವಣಿಗೆಯಲ್ಲಿ ನಡೆಯುತ್ತಿದ್ದರು, ಅಂದರೆ ಮುತ್ತಾತನೂ ಹೆಣದ ಮುಂದೆ ನಡೆಯುತ್ತಿದ್ದ. ಸುಕ್ಕು ನಾಡಿಗೆ ದುಡಿದದ್ದರ ಸಾಕ್ಷಿ. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಈ ರೂಢಿ ಮುರಿದ: 75ಕ್ಕೆ ಸತ್ತರೂ ಪ್ರತಿಮೆಗಳಲ್ಲಿ ಕೊನೆಯವರೆಗೂ ಯುವಕ. ಇನ್ನು ಕೆರೆದ ಮುಖ: ಕ್ರಿ.ಶ. 211ರಲ್ಲಿ ಚಕ್ರವರ್ತಿ ಕಾರಾಕಲ್ಲಾ ತಮ್ಮನಾದ ಗೇಟಾನನ್ನು ಕೊಲ್ಲಿಸಿ, ಅವನ ಹೆಸರು, ರೂಪ ಎಲ್ಲೂ ಉಳಿಯಬಾರದೆಂದು ಆಜ್ಞೆ ಹೊರಡಿಸಿದ. ಬರ್ಲಿನ್ನಿನಲ್ಲಿರುವ ಮರದ ಫಲಕದ ಚಿತ್ರವೊಂದರಲ್ಲಿ ಅಪ್ಪ, ಅಮ್ಮ, ಅಣ್ಣ ಮೂವರೂ ಇದ್ದಾರೆ, ಹುಡುಗನ ಮುಖವಿದ್ದ ಕಡೆ ಬೋಳು ಕಲೆ.

ಇದಕ್ಕೂ ನಮ್ಮ ನಾಡಿಗೂ ಏನಾದರೂ ನಂಟಿದೆಯೇ?

ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ನಾಣ್ಯಗಳ ಗಂಟು ಸಿಕ್ಕಿದೆ. ಚಕ್ರವರ್ತಿಯ ಮುಖವನ್ನು ಸಾಮ್ರಾಜ್ಯದ ಮೂಲೆಮೂಲೆಗೆ ಮುಟ್ಟಿಸುವುದು ಆ ಪುಟ್ಟ ಶಿಲ್ಪದ ಕೆಲಸ. ಇಲ್ಲಿನ ವ್ಯಾಪಾರಿಗೆ ಬೇಕಾದದ್ದು ಬೆಳ್ಳಿಯ ತೂಕ. ದಕ್ಷಿಣ ಭಾರತದಲ್ಲಿ ಸಿಕ್ಕ ಹಲವು ರೋಮನ್ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯಿಂದ ಕಡಿದ ಗೆರೆಯಿದೆ.

ಅಲ್ಲಿಗೆ ಹೋದದ್ದೂ ಇದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೇಯ ಮನೆಯೊಂದರಲ್ಲಿ 1938ರಲ್ಲಿ ಭಾರತದಲ್ಲಿ ಕೆತ್ತಿದ ದಂತದ ಹೆಣ್ಣುಗೊಂಬೆ ಸಿಕ್ಕಿತು. ಗೇಣುದ್ದಕ್ಕಿಂತ ತುಸು ಎತ್ತರ, ಕುತ್ತಿಗೆ ತುಂಬ ಹಾರ, ಮುಂಗೈ ತುಂಬ ಬಳೆ, ಎರಡು ಬದಿಗೆ ಇಬ್ಬರು ಪುಟ್ಟ ಸಖಿಯರು. ಮೊದಲು ಅವಳನ್ನು ಲಕ್ಷ್ಮಿ ಎಂದರು, ಈಗ ಯಕ್ಷಿ ಎನ್ನುವವರೇ ಹೆಚ್ಚು. ನೇಪಲ್ಸ್ ಮ್ಯೂಸಿಯಂನಲ್ಲಿ ಅವಳನ್ನು ನೋಡುವಾಗ ನೆತ್ತಿಯನ್ನು ಗಮನಿಸಿ: ಅಲ್ಲಿಂದ ಕೆಳಕ್ಕೆ ಕೊರೆದ ಒಂದು ತೂತಿದೆ. ಬಿಡಿಮೂರ್ತಿಗೆ ಅಂಥ ತೂತು ಬೇಕಿಲ್ಲ. ಕನ್ನಡಿಯ ಹಿಡಿಯಾಗಿಯೋ, ಪುಟ್ಟ ಮೇಜೊಂದರ ಕಾಲಾಗಿಯೋ ಅವಳು ಏನನ್ನೋ ಹೊತ್ತು ನಿಂತಿದ್ದಳು.